ಅಂಕಣದ ಲೆಕ್ಕ, ಆಯದ ಲೆಕ್ಕ

ಶಿಲ್ಪಶಾಸ್ತ್ರವನ್ನೋದದ, ಉಳಿ ಬಾಚಿಗಳನ್ನು ಹಿಡಿದರಿಯದ ಸಾಮಾನ್ಯ ಗೃಹಸ್ಥನು ತನ್ನ ಮನೆಯ ಆಕಾರವನ್ನು ತಾನೇ ನಿಶ್ಚಯಿಸಿಕೊಳ್ಳುವುದು ಕನ್ನಡನಾಡಿನಲ್ಲಿ ಬಹುಕಾಲ ಸಹಜವಾದ ಸಂಗತಿಯಾಗಿದ್ದಿತು. ಅದಕ್ಕೆ ಅವನಿಗೆ ಕಾಗದವಾಗಲಿ ಮಸಿಯಾಗಲಿ ಬೇಕಿರಲಿಲ್ಲ, ಬೇಕಾದುದು ಅಂಕಣದ ಲೆಕ್ಕವೊಂದೇ. ಕಂಬಸಾಲುಗಳ ನಡುವಣ ಅವಕಾಶವೇ ಅಂಕಣ. ಅದರ ಅಗಲವನ್ನು ದೊರೆತ ತೊಲೆಯ ಉದ್ದವೂ ಅದು ಬಾಗದೆ ಹೊರಬಲ್ಲ ಭಾರವೂ ನಿರ್ಣಯಿಸುತ್ತಿದ್ದುದರಿಂದ, ಐದಂಕಣದ ಮನೆಯೆಂದೊಡನೆ ಕಂಬಗಳೆಷ್ಟು, ತೊಲೆಗಳೆಷ್ಟು, ಜಂತೆಗಳಿಗೆ ಮರವೆಷ್ಟು ಎಂಬುದೆಲ್ಲವೂ ಯಜಮಾನನಿಗೂ ಬಡಗಿಗೂ ಒಮ್ಮೆಗೇ ಹೊಳೆಯುತ್ತಿದ್ದಿತು. ಪಡಸಾಲೆಗೆ ಇಷ್ಟು, ನಡುಮನೆಗೆ ಇಷ್ಟು, ಅಡುಗೆಮನೆಗೆ ಒಂದು, ದನದ ಕೊಟ್ಟಿಗೆಗೆ ಎರಡು ಎಂದು ಹಂಚುತ್ತ ಹೋದರೆ ಮನೆಯ ರೂಪ ತಾನಾಗಿ ಮೂಡುವುದು. ಉಳ್ಳವರು ನಡುವೆ ಆಕಾಶಕ್ಕೆ ತೆರೆದ ತೊಟ್ಟಿಯನ್ನಿರಿಸಿ ಅದರ ನಾಲ್ಕು ಮಗ್ಗುಲಿಗೂ ಅಂಕಣಗಳನ್ನು ಹೊಂದಿಸಿಕೊಂಡರು, ಸಂಸಾರ ಬೆಳೆದಾಗ ಹಿತ್ತಿಲಿನ ಕಡೆಗೆ ಮತ್ತೊಂದೆರಡನ್ನು ಕೂಡಿಸಿದರು. ತಲೆಮಾರುಗಳ ಬಡಗಿಗಳ ಅನುಭವವೆಲ್ಲವೂ ಆ ಒಂದು ಮಾನದಲ್ಲಿ ಅಡಕವಾಗಿದ್ದುದರಿಂದಲೇ ಅನನುಭವಿಯೂ ದೊಡ್ಡ ಪ್ರಮಾದಕ್ಕೆ ಸಿಲುಕದೆ ಮನೆಯನ್ನು ಕಲ್ಪಿಸಿಕೊಳ್ಳಬಲ್ಲವನಾಗಿದ್ದನೆಂದು ನನ್ನ ದೃಢವಾದ ಅಭಿಪ್ರಾಯ.

ನಕ್ಷೆ ಬರೆಯಲ್ಪಡುತ್ತಿದ್ದುದು ನೆಲದ ಮೇಲೆ. ಸಮಮಾಡಿದ ನಿವೇಶನದಲ್ಲಿ ಶಂಕುವೊಂದನ್ನು ನೆಟ್ಟು ಅದರ ಸುತ್ತ ವೃತ್ತವನ್ನೆಳೆದು, ನೆರಳಿನ ತುದಿಯು ಪೂರ್ವಾಹ್ಣದಲ್ಲಿ ಎಲ್ಲಿ ವೃತ್ತದೊಳಕ್ಕೆ ಬಂದಿತೋ ಅಪರಾಹ್ಣದಲ್ಲಿ ಎಲ್ಲಿ ಹೊರಕ್ಕೆ ಹೋಯಿತೋ ಆ ಎರಡು ಬಿಂದುಗಳನ್ನು ಕೂಡಿಸಿದರೆ ಪೂರ್ವಪಶ್ಚಿಮ ರೇಖೆ ದೊರೆಯುವುದೆಂಬುದು ಶುಲ್ಬಸೂತ್ರಗಳಷ್ಟು ಹಳೆಯ ತಿಳಿವು. ಮೂರು, ನಾಲ್ಕು, ಐದು ಮೊಳದ ಬದಿಗಳಾಗುವಂತೆ ದಾರವನ್ನು ಎಳೆದು ಹಿಡಿದರೆ ಮೂಲೆ ಚೌಕವಾಗುವುದೆಂಬುದೂ ಅಲ್ಲಿಂದಲೇ ಬಂದುದು. ಗೂಟ ಬಡಿದು, ದಾರ ಕಟ್ಟಿ, ಸುಣ್ಣದ ಪುಡಿಯನ್ನು ಉದುರಿಸಿದ ಮೇಲೆ ಮನೆಯೊಡತಿಯು ಆ ಗೆರೆಗಳ ನಡುವೆ ನಡೆದಾಡಿ, ಒಲೆಗೂ ಬಚ್ಚಲಿಗೂ ಇರುವ ದೂರವನ್ನು ಹೆಜ್ಜೆಯಲ್ಲಿ ಅಳೆದು, ಬೇಡವಾದ ಗೆರೆಯನ್ನು ಅಳಿಸಿಬಿಡಬಹುದಾಗಿದ್ದಿತು. ಪಾಯ ತೋಡುವ ಮೊದಲು ಹೀಗೆ ಮನೆಯೊಳಗೆ ಓಡಾಡಿ ನೋಡುವ ಸೌಲಭ್ಯವನ್ನು ಕಾಗದದ ನಕ್ಷೆಯು ಎಂದೂ ಕೊಡಲಾರದು.

ಅಳತೆಯ ಕೊನೆಯ ಪರೀಕ್ಷೆ ಆಯ. ಗ್ರಂಥದಿಂದ ಗ್ರಂಥಕ್ಕೆ ಕ್ರಮಭೇದವುಂಟಾದರೂ ರೂಢಿಯಲ್ಲಿ ಬಂದಿರುವ ವಿಧಾನವು ಸರಳವಾದುದು: ಉದ್ದಗಲಗಳ ಗುಣಲಬ್ಧವನ್ನು ಒಂಬತ್ತರಿಂದ ಗುಣಿಸಿ ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವು ಕ್ರಮವಾಗಿ ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂಬ ಆಯಗಳನ್ನು ಸೂಚಿಸುವುದು, ಇವುಗಳಲ್ಲಿ ಬೆಸಸಂಖ್ಯೆಯವು ಶುಭ, ಸಮಸಂಖ್ಯೆಯವು ಅಶುಭ. ಒಂಬತ್ತರಿಂದ ಗುಣಿಸಿದರೂ ಬಿಟ್ಟರೂ ಶೇಷವು ಒಂದೇ ಆಗಿರುವುದರಿಂದ ಸೂತ್ರದ ತಿರುಳು ಇಷ್ಟೇ: ಉದ್ದವೂ ಅಗಲವೂ ಬೆಸವಾಗಿದ್ದರೆ ಆಯವು ಎಂದಿಗೂ ಕೆಡುವುದಿಲ್ಲ. ಹದಿನೈದು ಮೊಳಕ್ಕೆ ಇಪ್ಪತ್ತೊಂದು ಮೊಳವೆಂದರೆ 315, ಶೇಷ ಮೂರು, ಸಿಂಹಾಯ. ಭಾಗಾಕಾರವನ್ನರಿಯದವನೂ ಬೆಸದ ಅಳತೆಯನ್ನೇ ಹಿಡಿದರೆ ಶಾಸ್ತ್ರಕ್ಕೆ ಸಲ್ಲುತ್ತಿದ್ದನು.

ಗೃಹರಚನೆಯನ್ನು ಅರಸರೂ ವಿದ್ವದ್ವಿಷಯವೆಂದು ಗಣಿಸಿದ್ದರು. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳನ್ನು ವರ್ಣಿಸುವಾಗ ಗೃಹೋಪಭೋಗಕ್ಕೇ ಮೊದಲ ಸ್ಥಾನವಿತ್ತನು. ಆದರೆ ಹಳ್ಳಿಯ ಗೃಹಸ್ಥನ ವಿದ್ಯೆಯು ಬಡಗಿಯ ಬಾಯಿಂದ ಬಾಯಿಗೆ ಬಂದುದು.

ಈ ವ್ಯವಸ್ಥೆಯು ಸಡಿಲಿದುದು ನಗರಗಳಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ತರುವಾಯ ಜನರು ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳಿಗೆ ನಡೆದರು. ಮೈಸೂರಿನಲ್ಲಿ 1903ರಲ್ಲಿಯೂ ಬೆಂಗಳೂರಿನಲ್ಲಿ 1945ರಲ್ಲಿಯೂ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡುಗಳು ಏರ್ಪಟ್ಟವು. ಗಾಳಿ ಬೆಳಕುಗಳಿಗಾಗಿ ಸುತ್ತಲೂ ತೆರಪು ಬಿಡಬೇಕೆಂಬ ನಿಯಮವು ರೋಗದ ಭಯದಿಂದ ಹುಟ್ಟಿದ ಹಿತವಾದ ನಿಯಮವೇ; ಅದರ ಪಾಲನೆಯನ್ನು ತೋರಿಸಲು ಮಾತ್ರ ಸ್ಕೇಲಿಗೆ ಬರೆದ ಕಾಗದವು ಅವಶ್ಯಕವಾಯಿತು, ತೊಲೆಯ ಬದಲು ನಿವೇಶನದ ಗಡಿಯು ಕೋಣೆಯ ಅಳತೆಯನ್ನು ಆಳತೊಡಗಿತು. ಮೂವತ್ತು ನಲವತ್ತರ ನಿವೇಶನದ ಗುಣಲಬ್ಧ 1200, ಶೇಷ ಸೊನ್ನೆ, ಕಾಕಾಯ. ಆದ್ದರಿಂದಲೇ ಪೆನ್ಸಿಲಿನಲ್ಲಿ ಬರೆದುಕೊಂಡ ತನ್ನ ಕಚ್ಚಾನಕ್ಷೆಯನ್ನು ಎಂಜಿನಿಯರರಿಗೆ ಒಪ್ಪಿಸುವಾಗ ಇಂದಿನ ಯಜಮಾನನೂ ತೆರಪು ಕಳೆದುಳಿದ ಕಟ್ಟಡವನ್ನು ಇಪ್ಪತ್ತಮೂರಕ್ಕೆ ಮೂವತ್ತೊಂದಡಿಯಾಗಿಸಿ, 713ರಲ್ಲಿ ಒಂದು ಉಳಿದು ಧ್ವಜಾಯ ಬಂದಿತೆಂದು ಸಮಾಧಾನ ಪಡುತ್ತಾನೆ.