ಕೊಡಗಿನ ವೇಷಾಚರಣೆಗಳಲ್ಲಿ ಎರವಲು ಪಾತ್ರಗಳು

ನೆರೆನಾಡಿನ ಐತಿಹ್ಯಗಳಿಂದಲೂ ಪುರಾಣಗಳಿಂದಲೂ ದೈವ, ಭೂತ, ಅಸುರ, ಪ್ರಾಣಿಗಳನ್ನು ತಂದು ಊರಿನ ತೆರೆ, ಬೋಡು ಹಬ್ಬ, ನಾಟಕ ಮತ್ತು ದಸರಾ ಮಂಟಪಗಳಲ್ಲಿ ಹೊಸದಾಗಿ ನಿಲ್ಲಿಸುವ ರೂಢಿ ಕೊಡಗಿನಲ್ಲಿ ಹಳೆಯದು. ಪಶ್ಚಿಮ ಘಟ್ಟದ ನೆತ್ತಿಯಲ್ಲಿರುವ ಈ ಪುಟ್ಟ ನಾಡಿಗೆ ಪಶ್ಚಿಮದಲ್ಲಿ ಕಣ್ಣೂರು ಮತ್ತು ಕಾಸರಗೋಡು, ವಾಯವ್ಯದಲ್ಲಿ ತುಳುನಾಡು, ದಕ್ಷಿಣದಲ್ಲಿ ವಯನಾಡು, ಪೂರ್ವದಲ್ಲಿ ಮೈಸೂರು ಸೀಮೆ. ಮಾಕುಟ್ಟ, ಕರಿಕೆ, ಸಂಪಾಜೆಯ ದಾರಿಗಳಲ್ಲಿ ಉಪ್ಪು, ಒಣಮೀನು, ಅಕ್ಕಿ, ಏಲಕ್ಕಿ ಓಡಾಡಿದಂತೆ ಕಥೆಗಳೂ ಓಡಾಡಿವೆ. ಭಕ್ತರ ಪಾಲಿಗೆ ಈ ಪಾತ್ರಗಳು ಸತ್ಯದ ಶಕ್ತಿಗಳು. ಒಂದು ಕಥಾಲೋಕದಲ್ಲಿ ಹುಟ್ಟಿದ ಪಾತ್ರ ಇನ್ನೊಂದಕ್ಕೆ ಹೇಗೆ ಬಂತು, ಬಂದ ಮೇಲೆ ಏನಾಯಿತು ಎಂಬುದಷ್ಟೇ ಈ ಲೇಖನದ ವಿಷಯ.

ಘಟ್ಟ ಹತ್ತಿದವರು

ಹೊರಗಿನಿಂದ ಬಂದ ಶಕ್ತಿಗಳನ್ನು ಕೊಡಗು ಮುಚ್ಚಿಟ್ಟಿಲ್ಲ; ಬಂದ ದಾರಿಯನ್ನೇ ಕಥೆಯಾಗಿಸಿ ಹಾಡಿದೆ. ನಾಡಿನ ದೊಡ್ಡ ದೇವರಾದ ಇಗ್ಗುತ್ತಪ್ಪನ ಐತಿಹ್ಯದಲ್ಲಿ ಆರು ಮಂದಿ ಅಣ್ಣತಮ್ಮಂದಿರು ಮತ್ತು ಒಬ್ಬಳು ತಂಗಿ ಮಲಯಾಳ ದೇಶದ ಕಡೆಯಿಂದ ಬರುತ್ತಾರೆ. ಕೆಲವರು ಘಟ್ಟದ ಕೆಳಗೇ ನೆಲೆ ನಿಂತರೆ, ಉಳಿದವರು ಮೇಲೆ ಹತ್ತಿ ಇಗ್ಗುತ್ತಪ್ಪ ಕಕ್ಕಬ್ಬೆಯ ಪಾಡಿಯಲ್ಲೂ ಪಾಲೂರಪ್ಪ ಪಾಲೂರಿನಲ್ಲೂ ಪೆಮ್ಮಯ್ಯ ವಯನಾಡಿನ ತಿರುನೆಲ್ಲಿಯಲ್ಲೂ ನಿಲ್ಲುತ್ತಾರೆ. ತಂಗಿಗೆ ಕಕ್ಕಬ್ಬೆಯ ಬಳಿಯ ಪೊನ್ನಂಗಾಲ. ಕೇರಳದ ದೇವಸ್ಥಾನಗಳನ್ನೂ ಕೊಡಗಿನ ದೇವಸ್ಥಾನಗಳನ್ನೂ ಒಂದೇ ಕುಟುಂಬದ ನಂಟಿನಲ್ಲಿ ಕಟ್ಟುವ ಈ ಕಥೆ, ಬಂದವರನ್ನು ನೆಂಟರನ್ನಾಗಿಸುವ ಕೊಡಗಿನ ರೀತಿಗೆ ಮಾದರಿಯಂತಿದೆ.

ದೊಡ್ಡ ದೇವರುಗಳ ಹಿಂದೆಯೇ ಉಗ್ರ ಶಕ್ತಿಗಳೂ ಬಂದವು: ಗುಳಿಗ, ಕುಟ್ಟಿಚಾತ, ಚಾಮುಂಡಿ, ಕರಿಂಗಾಳಿ, ವಿಷ್ಣುಮೂರ್ತಿ. ಇವನ್ನು ಮೈಮೇಲೆ ತಂದು ವೇಷ ಕಟ್ಟಿ ಕುಣಿಯುವ ಆಚರಣೆಗೆ ಕೊಡಗಿನಲ್ಲಿ ತೆರೆ ಎನ್ನುತ್ತಾರೆ. ಉತ್ತರ ಮಲಬಾರಿನ ತೆಯ್ಯಂ ಮತ್ತು ತುಳುನಾಡಿನ ಕೋಲಗಳಿಗೆ ಇದು ಹತ್ತಿರದ ಬಂಧು.

ಗುಳಿಗನ ಎರಡು ಹುಟ್ಟು

ಎರವಲಿನ ಸ್ವಭಾವ ತಿಳಿಯಲು ಗುಳಿಗನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ತುಳುವಿನ ಕಥನಗೀತೆಯಾದ ಪಾಡ್ದನದ ಪ್ರಕಾರ ಶಿವನಿಗೆ ಪಾರ್ವತಿ ತಂದುಕೊಟ್ಟ ಭಸ್ಮದಲ್ಲಿ ಒಂದು ಕಲ್ಲಹರಳು ಸಿಗುತ್ತದೆ. ಶಿವ ಅದನ್ನು ಎಸೆದಾಗ ಗುಳಿಗ ಹುಟ್ಟುತ್ತಾನೆ. ಹುಟ್ಟಿದವನಿಗೆ ತಣಿಯದ ಹಸಿವು. ಸಿಕ್ಕಿದ್ದನ್ನೆಲ್ಲ ತಿಂದು ಮುಗಿಸಿದ ಅವನನ್ನು ತಡೆಯಲು ಕಡೆಗೆ ವಿಷ್ಣು ತನ್ನ ಕಿರುಬೆರಳನ್ನೇ ಬಾಯಿಗೆ ಕೊಡಬೇಕಾಗುತ್ತದೆ. ಮಲಬಾರಿನ ಗುಳಿಗನ ಕಥೆ ಬೇರೆಯೇ. ಮಾರ್ಕಂಡೇಯನನ್ನು ಉಳಿಸಲು ಶಿವ ಯಮನನ್ನು ಕೊಂದ ಮೇಲೆ ಲೋಕದಲ್ಲಿ ಸಾವೇ ನಿಂತುಹೋಗುತ್ತದೆ. ಭೂಭಾರ ತಾಳದೆ ಭೂದೇವಿ ಮೊರೆಯಿಡುತ್ತಾಳೆ. ಆಗ ಶಿವನ ಎಡಗಾಲಿನ ಹೆಬ್ಬೆರಳಿನಿಂದ ಹುಟ್ಟಿ ಯಮನ ಕೆಲಸ ವಹಿಸಿಕೊಂಡವನು ಗುಳಿಗ. ಒಂದೆಡೆ ಹಸಿವಿನ ಮೂರ್ತಿ, ಇನ್ನೊಂದೆಡೆ ಸಾವಿನ ಅಧಿಕಾರಿ.

ಕೊಡಗು ಈ ಎರಡೂ ಪರಂಪರೆಗಳ ಗಡಿಯಲ್ಲಿದೆ. ಸಂಪಾಜೆ, ಭಾಗಮಂಡಲದ ಕಡೆ ತುಳುನಾಡಿನ ಪ್ರಭಾವ ಹೆಚ್ಚು. ವಿರಾಜಪೇಟೆ, ಮಾಕುಟ್ಟದ ಕಡೆ ಮಲಬಾರಿನದು. ತೋಟದ ಮೂಲೆಯಲ್ಲೋ ಮರದ ಬುಡದಲ್ಲೋ ನೆಟ್ಟ ಗುಳಿಗನ ಕಲ್ಲು ಎರಡು ಕಡೆಯೂ ಇದೆ. ಅದರ ಎದುರು ಯಾವ ಕಥೆ ಹೇಳುತ್ತಾರೆಂಬುದು ಆ ಊರು ಯಾವ ಘಟ್ಟದ ದಾರಿಗೆ ಹತ್ತಿರ ಎಂಬುದನ್ನು ಅವಲಂಬಿಸಿದೆ. ಅನೇಕ ಮನೆಗಳಲ್ಲಿ ಕಥೆಯೇ ಬೇಕಿಲ್ಲ. ಗಡಿ ಕಾಯುವವನು, ಕಳ್ಳತನ ಮಾಡಿದವನನ್ನು ಬಿಡದವನು ಎಂಬಷ್ಟು ತಿಳಿದರೆ ಸಾಕು. ದೂರ ಹೋದ ಪಾತ್ರ ಜನ್ಮವೃತ್ತಾಂತವನ್ನು ಕಳೆದುಕೊಂಡರೂ ಕೆಲಸವನ್ನು ಕಳೆದುಕೊಳ್ಳುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕುಟ್ಟಿಚಾತ ನೇರವಾಗಿ ಮಲಬಾರಿನಿಂದ ಬಂದವನು. ಬೇಟೆಗಾರ ದಂಪತಿಯ ರೂಪ ತಾಳಿದ ಶಿವಪಾರ್ವತಿಯರಿಗೆ ಹುಟ್ಟಿ, ಮಕ್ಕಳಿಲ್ಲದ ಕಾಳಕಾಟ್ಟು ನಂಬೂದಿರಿ ಮನೆ ಸೇರಿದ ತುಂಟ ಹುಡುಗ. ಅವನ ಉಪಟಳ ತಾಳಲಾರದೆ ಮನೆಯವರು ತುಂಡು ತುಂಡಾಗಿ ಕತ್ತರಿಸಿ ಹೋಮಕುಂಡಕ್ಕೆ ಹಾಕಿದಾಗ ಬೆಂಕಿಯಿಂದ ಒಬ್ಬನ ಬದಲು ನೂರಾರು ಚಾತರು ಎದ್ದು ಬಂದರಂತೆ. ಬ್ರಾಹ್ಮಣ ಮನೆತನದ ಮಂತ್ರವಿದ್ಯೆಗೆ ಸೇರಿದ ಈ ಪಾತ್ರ ಕೊಡಗಿಗೆ ಬಂದ ಮೇಲೆ ತೋಟ, ಗದ್ದೆ, ಕುಟುಂಬದ ಮೂಲಮನೆಗಳಾದ ಐನ್‌ಮನೆಗಳ ಕಾವಲಿಗೆ ನಿಂತಿತು.

ವಿಷ್ಣುಮೂರ್ತಿಯ ಪಯಣ ಇನ್ನೂ ಸುತ್ತುಬಳಸಿನದು. ಹಿರಣ್ಯಕಶಿಪುವನ್ನು ಕೊಂದ ನರಸಿಂಹ ಪುರಾಣದವನು. ಅವನನ್ನು ತೆಯ್ಯಂ ಆಗಿ ನೀಲೇಶ್ವರಕ್ಕೆ ತಂದವನು ಪಾಲಂತಾಯಿ ಕಣ್ಣನ್ ಎಂಬ ದನಗಾಹಿ ಎಂದು ಐತಿಹ್ಯ. ಒಡೆಯ ಕುರುವಾಟ್ ಕುರುಪ್ಪನ ಸಿಟ್ಟಿಗೆ ಹೆದರಿ ಮಂಗಳೂರಿಗೆ ಓಡಿಹೋದ ಅವನು ಅಲ್ಲಿ ಮುದುಕಿಯೊಬ್ಬಳ ಆಶ್ರಯದಲ್ಲಿ ವಿಷ್ಣುಮೂರ್ತಿಯ ಸೇವೆ ಮಾಡುತ್ತಾನೆ. ಊರಿಗೆ ಮರಳಿದಾಗ ಕುರುಪ್ಪ ಅವನನ್ನು ಕೊಲ್ಲುತ್ತಾನೆ. ಆಮೇಲೆ ಬಿದ್ದ ಕೇಡಿಗೆ ಅಂಜಿ ಅದೇ ಕುರುಪ್ಪ ದೈವಕ್ಕೆ ನೆಲೆ ಕಟ್ಟಿಸಬೇಕಾಗುತ್ತದೆ. ಹೀಗೆ ಸಂಸ್ಕೃತ ಪುರಾಣದ ಅವತಾರಕ್ಕೆ ಮಲಯಾಳಿ ದನಗಾಹಿಯ ಸಾವು ಸೇರಿಕೊಂಡಿತು. ಸುಳ್ಯ ಸೀಮೆಯಲ್ಲೂ ಕೊಡಗಿನ ಪಶ್ಚಿಮ ಅಂಚಿನಲ್ಲೂ ನಡೆಯುವ ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ಕೆಂಡದ ರಾಶಿಗೆ ಬೀಳುತ್ತಾನೆ. ಆ ಸೀಮೆಯ ಅಮರ ಸುಳ್ಯ ಕೆಲಕಾಲ ಕೊಡಗಿನ ಹಾಲೇರಿ ಅರಸರ ಕೈಯಲ್ಲಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅದು ಕೆನರಾ ಜಿಲ್ಲೆಗೆ ಸೇರಿತು. ಆಡಳಿತದ ಗಡಿ ಬದಲಾದರೂ ಎರಡು ಕಡೆಯ ಅರೆಭಾಷೆ ಗೌಡ ಕುಟುಂಬಗಳ ನಂಟು ಮುರಿಯಲಿಲ್ಲ, ದೈವಗಳ ನಂಟೂ ಮುರಿಯಲಿಲ್ಲ.

ವೇಷದ ಹಕ್ಕು

ಕಥೆಯನ್ನು ಯಾರು ಬೇಕಾದರೂ ಹೇಳಬಹುದು. ತೆರೆ ಕಟ್ಟುವುದು ಹಾಗಲ್ಲ. ಬಣ್ಣ, ಪಣಿಕ, ಮಲೆಯ ಮೊದಲಾದ ಸಮುದಾಯಗಳ ಮನೆತನಗಳಿಗೆ ಮಾತ್ರ ಆ ಹಕ್ಕು. ಐನ್‌ಮನೆಯವರು ಅಥವಾ ಊರ ಮುಖ್ಯಸ್ಥರಾದ ತಕ್ಕರು ವೀಳ್ಯ ಕೊಟ್ಟು ಕರೆಯಬೇಕು. ವೇಷ ಕಟ್ಟುವವನು ವ್ರತ ಹಿಡಿಯಬೇಕು. ಮುಖಕ್ಕೆ ಅರಿಶಿನ, ಕಾಡಿಗೆ, ಕೆಂಪು ಬಣ್ಣದ ಗೆರೆಗಳನ್ನು ಬರೆಯಲು ತಾಸುಗಟ್ಟಲೆ ಬೇಕು. ಬರೆಸಿಕೊಳ್ಳುವವನು ನೆಲದ ಮೇಲೆ ಮಲಗಿರುತ್ತಾನೆ, ಬರೆಯುವವನು ತಲೆಯ ಬಳಿ ಕೂತು ತೆಂಗಿನ ಗರಿಯ ಕಡ್ಡಿಯಿಂದ ಎಳೆ ಎಳೆಯುತ್ತಾನೆ. ಸೊಂಟಕ್ಕೆ ಎಳೆ ತೆಂಗಿನ ಗರಿಯ ಸೀಳು, ತಲೆಗೆ ಮುಡಿ, ಕಾಲಿಗೆ ಗಗ್ಗರ. ಚೆಂಡೆಯ ಜೊತೆ ಹಾಡುವ ತೋಟ್ಟಂನಲ್ಲಿ ಮಲಯಾಳಂ ಎದ್ದು ಕಾಣುತ್ತದೆ. ಮುಡಿ ಏರಿದ ಮೇಲೆ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮನೆಯ ಯಜಮಾನನೂ ತಲೆಬಾಗಿಸಿ ನುಡಿ ಕೇಳುತ್ತಾನೆ.

ಹೀಗಾಗಿ ಕೊಡಗಿನ ಎರವಲು ಕಟ್ಟಳೆಗೆ ಒಳಪಟ್ಟ ಎರವಲು. ದೈವದ ಜೊತೆಗೆ ಅದರ ಹಾಡು, ಹಾಡುವ ಮನೆತನ, ಅದಕ್ಕೆ ಸಲ್ಲುವ ಕೋಳಿ, ಕಳ್ಳು, ಅವಲಕ್ಕಿಯ ಲೆಕ್ಕ ಎಲ್ಲವೂ ಬರಬೇಕು. ಅದಕ್ಕೆ ಕೂರುವ ಜಾಗವೂ ಗೊತ್ತಾಗಬೇಕು. ಹೊಸದಾಗಿ ಬಂದ ಶಕ್ತಿ ಊರ ದೇವಸ್ಥಾನದ ಗರ್ಭಗುಡಿಗೆ ಏರುವುದಿಲ್ಲ. ಅಂಗಳದ ಹೊರಗೆ, ಪಾಲೆಮರದ ಬುಡದಲ್ಲಿ, ತೋಟದ ಬೇಲಿಯಲ್ಲಿ ಅದರ ಸ್ಥಾನ.

ಈ ಕಟ್ಟುನಿಟ್ಟಿನ ನಡುವೆಯೇ ಒಂದು ತಿರುವೂ ಉಂಟು. ಹೊರಗಿನಿಂದ ಬಂದ ತೆರೆಯ ರೂಪವನ್ನು ಕೊಡವರು ತಮ್ಮವರಿಗೂ ತೊಡಿಸಿದರು. ನಾಲ್ಕುನಾಡಿನ ಕಡೆಯ ವೀರ, ಮಂತ್ರಬಲವುಳ್ಳವನೆಂದು ಹೆಸರಾದ ಕಲಿಯಾಟಂಡ ಪೊನ್ನಪ್ಪ ಸತ್ತ ಮೇಲೆ ಕಲಿಯಾಟ ಅಜ್ಜಪ್ಪನಾಗಿ ತೆರೆಗೆ ಬಂದ. ಮನೆತನದ ಹಿರಿಯನನ್ನು ಕಾರಣನೆಂದು ಹಿರಿಯರ ಗುಡಿಯಾದ ಕೈಮಡದಲ್ಲಿ ಪೂಜಿಸಿ, ಅವನ ಹೆಸರಿನಲ್ಲಿ ಕಾರಣ ತೆರೆ ಕಟ್ಟಿಸುವ ಪದ್ಧತಿಯೂ ಬೆಳೆಯಿತು. ವೇಷ ಮಲಬಾರಿನದು, ಒಳಗಿರುವವನು ಮನೆಯ ಅಜ್ಜ. ಹೊರಗಿನ ಪಾತ್ರವನ್ನು ಒಳಗೆ ತಂದದ್ದಕ್ಕಿಂತ ಇದೇ ಹೆಚ್ಚು ಧೈರ್ಯದ ಎರವಲು ಎನ್ನಬೇಕು.

ಬೇರೆಡೆಯ ಎರವಲಿಗೆ ಹೋಲಿಸಿದರೆ ಕೊಡಗಿನ ವಿಶೇಷ ಇನ್ನಷ್ಟು ಸ್ಪಷ್ಟ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನ ಮೇಲಿನ ಪಾತ್ರಾಭಿನಯದ ಆಟ ಸಿಕ್ಕ ಕಥೆಗಳಿಂದೆಲ್ಲ ಜೀವಿಗಳನ್ನು ತಂದುಕೊಂಡಿತ್ತು. ಟೋಲ್ಕಿನ್ ಕಾದಂಬರಿಗಳ ಹಕ್ಕುದಾರರು ಆಕ್ಷೇಪಿಸಿದ ಮೇಲೆ 'ಹಾಬಿಟ್'ಗಳು 'ಹಾಫ್ಲಿಂಗ್'ಗಳಾದವು. 1977ರಲ್ಲಿ ಬಂದ ಅದರ ಜೀವಿಗಳ ಕೈಪಿಡಿಯಲ್ಲಿ ನಮ್ಮ ರಾಕ್ಷಸರೂ ನಾಗರೂ ಇದ್ದಾರೆ. ಆದರೆ ಆ ರಾಕ್ಷಸ ರಾಮಾಯಣದಿಂದ ನೇರವಾಗಿ ಹೋದವನಲ್ಲ. ಅಮೆರಿಕದ ಟೆಲಿವಿಷನ್ ಧಾರಾವಾಹಿಯೊಂದರ ಕಂತಿನ ಮೂಲಕ ಹೋದವನು. ಅಲ್ಲಿ ಎರವಲನ್ನು ತಡೆದದ್ದು ಕೃತಿಸ್ವಾಮ್ಯದ ಕಾನೂನು. ಪುರಾಣಕ್ಕೆ ಆ ಕಾವಲು ಇಲ್ಲದ್ದರಿಂದ ರಾಕ್ಷಸನಿಗೆ ಹೆಸರು ಬದಲಿಸುವ ಗತಿ ಬರಲಿಲ್ಲ. ಕೊಡಗಿನಲ್ಲಿ ಕಥೆಗೆ ಒಡೆಯರಿಲ್ಲ, ವೇಷಕ್ಕಿದ್ದಾರೆ.

ದಾಖಲೆಗಳು

ಹರ್ಮನ್ ಮೋಗ್ಲಿಂಗ್ 1855ರಲ್ಲೂ ಜಿ. ರಿಕ್ಟರ್ 1870ರಲ್ಲೂ ಪ್ರಕಟಿಸಿದ ಇಂಗ್ಲಿಷ್ ಪುಸ್ತಕಗಳು ಕೊಡಗನ್ನು ಹೊರಗಿನವರಿಗೆ ವಿವರವಾಗಿ ಪರಿಚಯಿಸಿದವು. ಇಬ್ಬರೂ ಬಾಸೆಲ್ ಮಿಶನ್ನಿಗೆ ಸೇರಿದವರಾದ್ದರಿಂದ ದೈವಾರಾಧನೆಯನ್ನು ನೋಡಿದ್ದು ಮಿಶನರಿ ಕಣ್ಣಿನಿಂದಲೇ. ಒಳಗಿನವರ ದೊಡ್ಡ ಸಂಗ್ರಹ ಬಂದದ್ದು 1924ರಲ್ಲಿ: ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ'. ದುಡಿ ಹಿಡಿದು ಹಾಡುವ ದೇವರ ಹಾಡುಗಳು, ಹಬ್ಬದ ಹಾಡುಗಳು, ವೀರರ ಕಥೆಗಳು ಅದರಲ್ಲಿವೆ. ಎಂ. ಎನ್. ಶ್ರೀನಿವಾಸರ 1952ರ ಕೊಡವರ ಧರ್ಮ ಮತ್ತು ಸಮಾಜ ಕುರಿತ ಗ್ರಂಥ ದೇವತೆಗಳನ್ನು ಅವರ ಹರವಿಗೆ ತಕ್ಕಂತೆ ವಿಂಗಡಿಸಿತು: ಊರಿನವರು, ಪ್ರಾಂತದವರು, ದಕ್ಷಿಣ ಭಾರತದವರು, ಇಡೀ ದೇಶದವರು. ನಾಗನನ್ನು ಸುಬ್ರಹ್ಮಣ್ಯನೊಂದಿಗೆ ಒಂದಾಗಿಸುವಂಥ ಬದಲಾವಣೆಗಳನ್ನು ಅವರು ಸಂಸ್ಕೃತೀಕರಣ ಎಂದು ಕರೆದರು. ಸಮಾಜಶಾಸ್ತ್ರದ ಈ ಹೆಸರಾಂತ ಪರಿಕಲ್ಪನೆ ರೂಪುಗೊಂಡದ್ದು ಕೊಡಗಿನ ಅಧ್ಯಯನದಲ್ಲಿ.

ಬೋಡು ಹಬ್ಬ

ತೆರೆಯಲ್ಲಿ ಇಲ್ಲದ ಸ್ವಾತಂತ್ರ್ಯ ದಕ್ಷಿಣ ಕೊಡಗಿನ ಬೋಡು ನಮ್ಮೆಯಲ್ಲಿ, ಅಂದರೆ ಬೋಡು ಹಬ್ಬದಲ್ಲಿ, ಇದೆ. ಭದ್ರಕಾಳಿಯ ಹೆಸರಿನಲ್ಲಿ ವೇಷ ಹಾಕಿ ಮನೆಮನೆಗೆ ಹೋಗಿ ಬೇಡುವ ಹಬ್ಬ ಇದು. ಬಿದಿರು ಬಟ್ಟೆಗಳ ಕುದುರೆ ಹೊತ್ತವರು, ಮೈಗೆ ಕೆಸರು ಮೆತ್ತಿಕೊಂಡವರು, ಒಣಹುಲ್ಲು ಸುತ್ತಿಕೊಂಡವರು, ಸೀರೆ ಉಟ್ಟ ಗಂಡಸರು ಇಲ್ಲಿ ಕಾಣುತ್ತಾರೆ. ಯಾವ ವೇಷ ಹಾಕಬೇಕೆಂಬುದು ಬಹುಮಟ್ಟಿಗೆ ಹಾಕುವವನ ಇಷ್ಟ.

ದೇವರಪುರದಲ್ಲಿ ಮೇ ತಿಂಗಳ ನಾಲ್ಕನೆಯ ಗುರುವಾರ ನಡೆಯುವ ಕುಂಡೆ ಹಬ್ಬ ಇವುಗಳಲ್ಲೆಲ್ಲ ಹೆಸರಾದದ್ದು. ಜೇನುಕುರುಬರು, ಎರವರು ಮತ್ತಿತರ ತೋಟದ ಕಾರ್ಮಿಕರು ಪ್ಲಾಸ್ಟಿಕ್ ಡ್ರಮ್, ತಗಡಿನ ಡಬ್ಬ ಬಡಿಯುತ್ತ ದಾರಿಹೋಕರನ್ನೂ ತೋಟದ ಧಣಿಗಳನ್ನೂ ದೇವರನ್ನೂ ಬೈಯುತ್ತಾರೆ, ದುಡ್ಡು ಕೇಳುತ್ತಾರೆ. ಬೈಗುಳಕ್ಕೂ ಕಥೆಯಿದೆ: ತಮ್ಮನ್ನು ಬೇಟೆಗೆ ಕರೆದೊಯ್ದ ಅಯ್ಯಪ್ಪ ಭದ್ರಕಾಳಿಯನ್ನು ಕಂಡು ಮನಸೋತು ಕಾಡಿನಲ್ಲೇ ಕೈಬಿಟ್ಟು ಹೋದನಂತೆ. ಶಬರಿಮಲೆಯ ಕಥೆಯ ಅಯ್ಯಪ್ಪ ಮಹಿಷಿಯನ್ನು ಕೊಂದ ಬ್ರಹ್ಮಚಾರಿ. ಕೊಡಗಿನ ದೇವರಕಾಡುಗಳ ಅಯ್ಯಪ್ಪ ನಾಯಿಗಳೊಂದಿಗೆ ಅಲೆಯುವ ಬೇಟೆಗಾರ. ಅವನಿಗೆ ಹರಕೆಯಾಗಿ ಒಪ್ಪಿಸುವುದು ಮಣ್ಣಿನ ನಾಯಿಗಳನ್ನು. ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ತಿಳಿಯುವುದು ಈಚೆಗೆ ಹೆಚ್ಚಿದೆ. ಆದರೆ ಕುಂಡೆ ಹಬ್ಬದ ಕಥೆ ಮಾತ್ರ ಶಬರಿಮಲೆಯ ಬ್ರಹ್ಮಚಾರಿಗೆ ಯಾವ ರೀತಿಯಲ್ಲೂ ಹೊಂದುವುದಿಲ್ಲ.

ಪುರಾಣದ ಅಸುರರು

ಪುಸ್ತಕದಿಂದ ಬಂದ ಪಾತ್ರಗಳ ಇತಿಹಾಸ ಬೇರೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದಕ್ಕೆ ಜನ ಹೇಳುವ ಕಾರಣ, ಅರಸ ಕೊಲ್ಲಿಸಿದ ಬ್ರಾಹ್ಮಣನೊಬ್ಬ ಬ್ರಹ್ಮರಾಕ್ಷಸನಾಗಿ ಕಾಡಿದ್ದು. ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠೆ ಮಾಡಿದ ಮೇಲೆ ಕಾಟ ನಿಂತಿತಂತೆ. ಗುಳಿಗನಿಗೆ ಕಲ್ಲು ಸಾಕಾಗಿತ್ತು. ಪುರಾಣದ ಭೂತಕ್ಕೆ ಗುಮ್ಮಟವಿರುವ ದೇವಸ್ಥಾನವೇ ಬೇಕಾಯಿತು.

ಕೊಡವ ಭಾಷೆಯಾದ ಕೊಡವ ತಕ್ಕ್‌ನ ಮೊದಲ ನಾಟಕಕಾರ ಹರದಾಸ ಅಪ್ಪನೆರವಂಡ ಅಪ್ಪಚ್ಚಕವಿ (1868–1944) 1906ರಲ್ಲಿ ಯಯಾತಿಯ ಕಥೆಯನ್ನು ನಾಟಕವಾಗಿಸಿದಾಗ, ಅಸುರರ ರಾಜಕುಮಾರಿಗೂ ಅಸುರಗುರುವಿಗೂ ಕೊಡಗಿನ ಮಾತು ಬಂತು. ಸಾವಿತ್ರಿ, ಸುಬ್ರಹ್ಮಣ್ಯ ಮತ್ತು ಕಾವೇರಿಯ ಕಥೆಗಳನ್ನೂ ಅವರು ನಾಟಕಕ್ಕೆ ತಂದರು.

ಪುರಾಣದ ಅಸುರರಿಗೆ ಇಂದು ಅತಿ ದೊಡ್ಡ ವೇದಿಕೆ ಮಡಿಕೇರಿ ದಸರಾ. ರೋಗರುಜಿನ ಹರಡಿದಾಗ ಹಾಲೇರಿ ಅರಸರ ಕಾಲದಲ್ಲಿ ಆರಂಭವಾಯಿತೆಂದು ಹೇಳುವ ಕರಗ ಇದರ ಮೂಲ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ ದೇವಸ್ಥಾನಗಳ ನಾಲ್ಕು ಕರಗಗಳು ನವರಾತ್ರಿಯಲ್ಲಿ ಊರು ಸುತ್ತುತ್ತವೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪಗಳು ಹೊರಡುತ್ತವೆ. ಪ್ರತಿ ಸಮಿತಿಯೂ ವರ್ಷ ವರ್ಷ ಹೊಸ ಕಥೆ ಆರಿಸುತ್ತದೆ. ದೇವರ ಪಾತ್ರಕ್ಕಿಂತ ಅಸುರನ ಆಯ್ಕೆಯೇ ಮುಖ್ಯ, ಏಕೆಂದರೆ ಚಲನೆ ಬೇಕಾದದ್ದು ಅವನಿಗೆ. ಟ್ರ್ಯಾಕ್ಟರ್ ಎಳೆಯುವ ವೇದಿಕೆಯ ಮೇಲೆ ಆಳೆತ್ತರ ಮೀರಿದ ಮೂರ್ತಿ ಕತ್ತು ತಿರುಗಿಸುತ್ತದೆ, ಬಾಯಿ ತೆರೆಯುತ್ತದೆ, ಹೊಗೆ ಕಾರುತ್ತದೆ, ತಲೆ ಕಳಚಿ ಬೀಳುತ್ತದೆ. ಧ್ವನಿ, ಬೆಳಕು ಎಲ್ಲಕ್ಕೂ ಜನರೇಟರ್. ತೀರ್ಪುಗಾರರು ನಡುರಾತ್ರಿ ದಾಟಿದ ಮೇಲೂ ಮಂಟಪದಿಂದ ಮಂಟಪಕ್ಕೆ ನಡೆದು ಅಂಕ ಹಾಕುತ್ತಾರೆ. ತೆರೆಯ ದೈವ ಒಂದೇ ಮುಖದಲ್ಲಿ ತಲೆಮಾರುಗಳ ಕಾಲ ಬಾಳಿದರೆ, ಮಂಟಪದ ಅಸುರ ಬೆಳಗಾಗುವಷ್ಟರಲ್ಲಿ ಮುಗಿದ.

ಸಿನಿಮಾ

ಇಂಥ ಪಾತ್ರಗಳನ್ನು ಸಿನಿಮಾವೂ ಎರವಲು ತಂದಿದೆ. 1984ರ ಮಲಯಾಳಂ ಚಿತ್ರ 'ಮೈ ಡಿಯರ್ ಕುಟ್ಟಿಚಾತನ್', ಭಾರತದ ಮೊದಲ 3ಡಿ ಚಲನಚಿತ್ರ, ಉಗ್ರ ಚಾತನನ್ನು ಮಕ್ಕಳ ಗೆಳೆಯನನ್ನಾಗಿಸಿತು. 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ರಿಷಬ್ ಶೆಟ್ಟರ 'ಕಾಂತಾರ' ತುಳುನಾಡಿನ ದೈವಗಳಾದ ಪಂಜುರ್ಲಿ ಮತ್ತು ಗುಳಿಗರನ್ನು ದೇಶಕ್ಕೆಲ್ಲ ಪರಿಚಯಿಸಿತು. ಆಮೇಲೆ ಶಾಲಾ ವಾರ್ಷಿಕೋತ್ಸವ, ಛದ್ಮವೇಷ ಸ್ಪರ್ಧೆ, ಮೆರವಣಿಗೆಗಳಲ್ಲಿ ದೈವದ ವೇಷ ಕಾಣಿಸಿಕೊಂಡಾಗ ಕರಾವಳಿಯ ದೈವಾರಾಧಕರು ವಿರೋಧಿಸಿದರು. ಅವರ ತಕರಾರು ಕಥೆ ಹೇಳಿದ್ದಕ್ಕಲ್ಲ. ವ್ರತವಿಲ್ಲದೆ, ವೀಳ್ಯವಿಲ್ಲದೆ, ಹಕ್ಕಿಲ್ಲದವರು ವೇಷ ಕಟ್ಟಿದ್ದಕ್ಕೆ.