ಹೊಳೆಯ ತಳದ ಸಾಕ್ಷಿ

ಸತ್ತವನ ಪರವಾಗಿ ಸಾಕ್ಷಿ ನುಡಿಯುವವರಾರು? ಟೇ ಸೇತುವೆಯ ಕತೆ ಓದಿದಾಗಲೆಲ್ಲ ನನ್ನನ್ನು ಈ ಪ್ರಶ್ನೆ ಕಾಡುತ್ತದೆ.

1879ರ ಡಿಸೆಂಬರ್ 28, ಭಾನುವಾರ ರಾತ್ರಿ. ಸ್ಕಾಟ್ಲೆಂಡಿನ ಡಂಡೀ ಊರಿನ ಬಳಿ ಬಿರುಗಾಳಿಗೆ ಸೇತುವೆಯ ನಡುವಣ 13 ಎತ್ತರದ ಗರ್ಡರುಗಳು ರೈಲಿನೊಡನೆ ಟೇ ಹೊಳೆಗೆ ಉರುಳಿದವು. ಒಬ್ಬರೂ ಬದುಕಲಿಲ್ಲ.

ಮುಳುಗುಗಾರರು ಇಳಿದರು. ತಲೆಗೆ ಲೋಹದ ಶಿರಸ್ತ್ರಾಣ, ಮೇಲಿನ ದೋಣಿಯಿಂದ ಕೊಳವೆಯಲ್ಲಿ ಗಾಳಿ. ಕದಡಿದ ನೀರಿನಲ್ಲಿ ಕಣ್ಣಿಗೇನೂ ಕಾಣದು. ಇದು ಡಬ್ಬಿ, ಇದು ಕಿಟಕಿ ಎಂದು ಕೈಯಿಂದ ತಡವಿಯೇ ಗುರುತಿಸಬೇಕು. (ಆನೆಯನ್ನು ಮುಟ್ಟಿದ ಕುರುಡರ ನೆನಪಾದೀತು, ಇವರು ಮಾತ್ರ ತಪ್ಪಲಿಲ್ಲ.) ರೈಲು ಗರ್ಡರುಗಳ ಪಂಜರದೊಳಗೇ ಬಿದ್ದಿತ್ತು.

ಹಿಂಬದಿಯ ಡಬ್ಬಿಗಳು ಹಳಿ ತಪ್ಪಿ ಬಡಿದುದರಿಂದಲೇ ಸೇತುವೆ ಬಿದ್ದಿತೆಂದು, ಅದನ್ನು ರೂಪಿಸಿದ ಎಂಜಿನಿಯರ್ ಸರ್ ಥಾಮಸ್ ಬೌಚ್‌ನ ಕಡೆಯವರು ವಾದಿಸಿದರು. ಆದರೆ ಮೇಲೆತ್ತಿದ ಎಂಜಿನ್ನಿನಲ್ಲಿ ಹಬೆಯ ಹಿಡಿ ತೆರೆದೇ ಇತ್ತು, ಬ್ರೇಕು ಹಾಕಿರಲಿಲ್ಲ. ಪಾಪ, ಡ್ರೈವರನಿಗೆ ಅಪಾಯದ ಸುಳಿವೇ ಸಿಕ್ಕಿರಲಿಲ್ಲ! 1880ರಲ್ಲಿ ವಿಚಾರಣೆಯ ಅಧ್ಯಕ್ಷ ಹೆನ್ರಿ ರಾಥರಿ ಮುಖ್ಯ ಹೊಣೆಯನ್ನು ಬೌಚ್‌ನ ಮೇಲೆಯೇ ಹೊರಿಸಿದ. ಅದೇ ವರ್ಷ ಅಕ್ಟೋಬರಿನಲ್ಲಿ ಬೌಚ್ ತೀರಿಕೊಂಡ.

ಎಂಜಿನ್ನು ಮಾತ್ರ ದುರಸ್ತಿಯಾಗಿ 1919ರವರೆಗೆ ಓಡಿತು. ರೈಲ್ವೆಯವರು ಅದಕ್ಕಿಟ್ಟ ಅಡ್ಡಹೆಸರು ‘ಮುಳುಗುಗಾರ’.