ಅರ ಹಿಡಿದ ಕೈ, ತಳೆ ಕಟ್ಟಿದ ಕಾಲು

ತ್ರೀ ಫೇಸ್ ಪಂಪಿನ ಮೋಟಾರು ಸುಟ್ಟರೆ, ಅದನ್ನು ಬಿಚ್ಚಿದ ಕೂಡಲೇ ಕಾರಣ ಹೇಳಬಹುದು. ಸ್ಟಾರ್ ಕನೆಕ್ಷನ್ ಆಗಿದ್ದು ಎರಡು ಫೇಸಿನ ಕಾಯಿಲ್ ಕಪ್ಪಾಗಿ ಒಂದು ಮಾತ್ರ ಹೊಸದರಂತೆ ಹೊಳೆಯುತ್ತಿದ್ದರೆ, ಓಡುತ್ತಿರುವಾಗ ಒಂದು ಫೇಸ್ ಹೋಗಿದೆ ಎಂದರ್ಥ. ಡೆಲ್ಟಾ ಆದರೆ ಒಂದು ಕಪ್ಪು, ಎರಡು ಕ್ಷೇಮ. ಮೂರೂ ಒಂದೇ ಸಮ ಕರಕಲಾಗಿದ್ದರೆ ವೋಲ್ಟೇಜ್ ಸಾಲದೆ ದುಡಿದು ದುಡಿದು ಬೆಂದದ್ದೇ ಹೆಚ್ಚು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುತ್ತಿದ್ದಷ್ಟು ವರ್ಷವೂ ಮೊದಲ ದಿನ ಮೇಜಿನ ಮೇಲೆ ಇಂಥ ಒಂದು ಸುಟ್ಟ ಸ್ಟೇಟರ್ ಇಡುತ್ತಿದ್ದೆ. ಕಡಬ, ಪಂಜ, ಬೆಳ್ಳಾರೆ, ಉಪ್ಪಿನಂಗಡಿ ಕಡೆಯಿಂದ ಬಂದ ಮಕ್ಕಳು ಹತ್ತಿರ ಬಂದು ಮೂಸುತ್ತಿದ್ದರು. ಬೆಂದ ವಾರ್ನಿಷಿನ ವಾಸನೆ ಅವರಿಗೆ ಮನೆಯಲ್ಲೇ ಪರಿಚಯ. ಪಾಠ ಕನ್ನಡದಲ್ಲಿ ನಡೆಯುತ್ತಿತ್ತು, ಸಂಶಯ ಕೇಳುವುದು ತುಳುವಿನಲ್ಲಿ ಇಲ್ಲವೇ ಅರೆಭಾಷೆಯಲ್ಲಿ.

ನಮ್ಮ ಮೂರು ತಾಲೂಕುಗಳು ಹಿಂದೆ ಪುತ್ತೂರು ಒಂದೇ ಆಗಿದ್ದವು. ಮೊದಲು ಸುಳ್ಯ ಬೇರೆಯಾಯಿತು, ತೀರಾ ಈಚೆಗೆ ಎರಡರಿಂದಲೂ ಗ್ರಾಮಗಳನ್ನು ತೆಗೆದು ಕಡಬ ಆಯಿತು. ಗಡಿ ಎಷ್ಟು ಸಲ ಬದಲಾದರೂ ಬೇಸಾಯ ಒಂದೇ, ಅಡಿಕೆ. ತೋಡಿಗೆ ಕಟ್ಟ ಹಾಕಿ, ಏತದಲ್ಲಿ ನೀರೆತ್ತಿ, ದಂಬೆಯಲ್ಲಿ ಹರಿಸಿ ತೋಟ ಉಳಿಸಿಕೊಂಡವರು ನಮ್ಮ ಅಜ್ಜಂದಿರು. ಆಮೇಲೆ ಡೀಸೆಲ್ ಪಂಪು ಬಂತು, ಅದರ ಹಿಂದೆ ಕರೆಂಟು. ಯಂತ್ರ ಮನೆಗೆ ಬಂದಷ್ಟು ಬೇಗ ಅದನ್ನು ರಿಪೇರಿ ಮಾಡುವ ವಿದ್ಯೆ ಬರಲಿಲ್ಲ.

ಆ ವಿದ್ಯೆ ಇದ್ದದ್ದು ಮಂಗಳೂರಿನಲ್ಲಿ. ಅಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಚ್ಚುಕೂಟ, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದು ಊರಿನವರ ಕೈಗೆ ಹೊಸ ಕಸುಬು ಕೊಟ್ಟಿದ್ದರು. 1946ರಲ್ಲಿ ಕದ್ರಿಯ ಗುಡ್ಡದಲ್ಲಿ ಕರ್ನಾಟಕ ಪಾಲಿಟೆಕ್ನಿಕ್, ನಮ್ಮೆಲ್ಲರ ಬಾಯಲ್ಲಿ ಕೆಪಿಟಿ, ಶುರುವಾಯಿತು. 1950ರಲ್ಲಿ ಕೇಂದ್ರ ಸರಕಾರ ಕುಶಲಕರ್ಮಿ ತರಬೇತಿ ಯೋಜನೆ ತಂದ ಮೇಲೆ ಐಟಿಐಗಳು ಬಂದವು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮಂಗಳೂರಿಗೆ ಹೊರಟಾಗ ಅಪ್ಪ ಕೇಳಿದ್ದು ಒಂದೇ ಮಾತು: "ಕಲ್ತು ಬಂದ್ರೆ ನಮ್ಮ ಪಂಪು ಸರಿ ಮಾಡ್ಲಿಕ್ಕೆ ನಿನ್ನಿಂದ ಆದೀತಾ?"

ಮನೆಯಿಂದ ಹೋಗಿ ಬರುವಷ್ಟು ದೂರದಲ್ಲಿ ಕಾಲೇಜು ಬಂದದ್ದು ಆಮೇಲೆ. ಸುಳ್ಯದ ಕುರುಂಜಿ ವೆಂಕಟ್ರಮಣ ಗೌಡರ ಹೆಸರನ್ನು ನಾನು ಕೈಮುಗಿದು ಹೇಳುತ್ತೇನೆ. 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜು, ಮುಂದೆ ಪಾಲಿಟೆಕ್ನಿಕ್, 1986ರಲ್ಲಿ ಇಂಜಿನಿಯರಿಂಗ್ ಕಾಲೇಜು. ಕಾಡಿನ ನಡುವಿನ ಊರಿಗೆ ಇದೆಲ್ಲ ಯಾಕೆ ಎಂದು ಕೇಳಿದವರಿದ್ದರು. ಅದೇ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ ತೆರೆಯಿತು. ಕೊಕ್ಕೋ ಬೀಜ ಹುರಿಯುವ, ಅರೆಯುವ ಯಂತ್ರಗಳಿಗೆ ಫಿಟ್ಟರ್ ಬೇಕು, ಎಲೆಕ್ಟ್ರಿಷಿಯನ್ ಬೇಕು. ಮನೆಯ ಬುತ್ತಿ ಹಿಡಿದುಕೊಂಡು ಹೋಗಿ ಮಾಡುವಂಥ ಕೆಲಸ ಊರಲ್ಲೇ ಹುಟ್ಟಿತು. 2001ರಲ್ಲಿ ಪುತ್ತೂರಿಗೂ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಬಂತು.

ಮೂರು ವರ್ಷದ ಡಿಪ್ಲೊಮಾ, ಎರಡು ವರ್ಷದ ಟ್ರೇಡ್ ಎಲ್ಲರಿಗೂ ಆಗುವುದಿಲ್ಲ. ಅದನ್ನು ಕಂಡೇ ಕೇಂದ್ರ ಸರಕಾರ 1978-79ರಲ್ಲಿ ಸಮುದಾಯ ಪಾಲಿಟೆಕ್ನಿಕ್ ಯೋಜನೆ ತಂದದ್ದು. ಹಳ್ಳಿಯವರಿಗೆ ಹೊಲಿಗೆ, ಮನೆ ವೈರಿಂಗ್, ಪಂಪು ರಿಪೇರಿಯಂಥ ಕೆಲವು ತಿಂಗಳ ಕಲಿಕೆ. 1982ರಲ್ಲಿ ಉಜಿರೆಯಲ್ಲಿ ಹಳ್ಳಿಯ ಯುವಕರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಅದೇ ದಾರಿ ಹಿಡಿಯಿತು. ಕಡಿಮೆ ಓದಿದವರಿಗೂ ಕೈಯಲ್ಲಿ ಕೆಲಸ ಬಂದದ್ದು ಈ ಸಣ್ಣ ಕೋರ್ಸುಗಳಿಂದ. ದೊಡ್ಡ ಕಟ್ಟಡಗಳಿಗೆ ಸಿಕ್ಕ ಗೌರವ ಇವಕ್ಕೆ ಸಿಗಲಿಲ್ಲ ಎಂಬ ಬೇಸರ ನನಗಿದೆ.

ನಾನು ಕಲಿಸುತ್ತಿದ್ದ ಐಟಿಐಯಲ್ಲಿ, ನಮ್ಮ ಪಕ್ಕದ ಶೆಡ್ಡಿನಲ್ಲಿ ಫಿಟ್ಟರ್ ಮಕ್ಕಳು ವಾರಗಟ್ಟಲೆ ಅರ ಹಾಕುತ್ತಿದ್ದರು. ಕಬ್ಬಿಣದ ತುಂಡನ್ನು ವೈಸಿಗೆ ಕಚ್ಚಿಸಿ ಉಜ್ಜುವುದು, ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿಯುವುದು, ಎಡೆಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜುವುದು. ಅಂಗೈಯಲ್ಲಿ ಬೊಬ್ಬೆ ಬರುತ್ತಿತ್ತು. ಅವರಲ್ಲಿ ಒಬ್ಬ ಹುಡುಗನಿಗೆ ಕೈ ನಡುಗುತ್ತಲೇ ಇರಲಿಲ್ಲ. ಕೇಳಿದಾಗ "ಅಪ್ಪನೊಟ್ಟಿಗೆ ಮರ ಹತ್ತಿ ಅಭ್ಯಾಸ ಸರ್" ಎಂದ. ಅವನ ತಂದೆ ಪಾದಗಳಿಗೆ ತಳೆ ಎಂಬ ಕುಣಿಕೆ ಕಟ್ಟಿ ಅಡಿಕೆ ಮರ ಹತ್ತುವವರು, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ತೂಗಿ ದಾಟಿ, ಕೆಳಗಿಳಿಯದೆ ಸಾಲು ಮುಗಿಸುವವರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದೂ ಅವರೇ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಬೋರ್ಡೋ ಲೆಕ್ಕ ಅವರ ಬಾಯಿಯಲ್ಲೇ ಇತ್ತು. ಆ ಹುಡುಗನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ "ಕೂಲಿ" ಎಂದು ಬರೆದವನು ನಾನು. ಅಂಥ ಎಷ್ಟೋ ಅರ್ಜಿಗಳಲ್ಲಿ ಹಾಗೆಯೇ ಬರೆದೆ. ಈಗ ಅದು ಮನಸ್ಸನ್ನು ಚುಚ್ಚುತ್ತದೆ.

ಮರ ಹತ್ತುವ ಆ ವಿದ್ಯೆಗೆ ಕೊನೆಗೆ ಶಿಬಿರ ಸಿಕ್ಕಿತು. 2018ರಲ್ಲಿ ವಿಟ್ಲದ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ 'ಅಡಿಕೆ ಕೌಶಲ್ಯ ಪಡೆ' ಎಂಬ ಹೆಸರಿನಲ್ಲಿ ಯುವಕರಿಗೆ ಮರ ಹತ್ತಲು, ಕೊಯ್ಯಲು, ಮದ್ದು ಬಿಡಲು ಕಲಿಸಿದರು. ಆಮೇಲೆ ಕಾರ್ಬನ್ ಫೈಬರ್ ದೋಟಿಯ ತರಬೇತಿಯೂ ಬಂತು, ನೆಲದಲ್ಲೇ ನಿಂತು ಗೊನೆ ಇಳಿಸುವುದು. ಕೆಲವು ದಿನದ ಶಿಬಿರ ಒಳ್ಳೆಯದೇ, ಆದರೆ ಸಾಲದು. ಪುತ್ತೂರು, ಸುಳ್ಯ, ಕಡಬದಲ್ಲಿ ತಾಂತ್ರಿಕ ಶಿಕ್ಷಣ ಸಂಸ್ಥೆಗಳನ್ನು ನಡೆಸುತ್ತಿರುವವರಲ್ಲಿ ನನ್ನದೊಂದು ಬೇಡಿಕೆ: ತೋಟದ ಕೆಲಸವನ್ನು, ಮರ ಹತ್ತುವುದರಿಂದ ಹಿಡಿದು ಪಂಪು ರಿಪೇರಿಯವರೆಗೆ, ವಿಮೆ ಸಮೇತ ಒಂದು ಪೂರ್ಣ ಟ್ರೇಡ್ ಮಾಡಿ. ಕಲಿತ ಹುಡುಗರಿಗೆ ಸರ್ಟಿಫಿಕೇಟ್ ಕೊಡಿ. ಕಲಿಸಲು ತಳೆ ಕಟ್ಟಿದ ಹಿರಿಯರನ್ನೇ ಕರೆಯಿರಿ, ಅವರನ್ನು ಮಾಸ್ಟ್ರು ಎಂದೇ ಕರೆಯಿರಿ.